ಅಮ್ಮ ಹಳ್ಳಿಯಲ್ಲಿ ಒಬ್ಬರೇ. ಇನ್ಸುಲಿನ್, ಮಾತ್ರೆ ಎಲ್ಲ ತಾವೇ ತಗೊಳ್ಳುವ ಹಾಗೆ ವಾರ್ಡಿನ ಸಿಸ್ಟರ್ ಹತ್ತಿರ ಕಲಿಸಬಹುದಾ?

ಅರಸೀಕೆರೆ_ಮಗಳು

ನಮಸ್ಕಾರ. ನರ್ಸ್ ಕೆಲಸ ಮಾಡುವವರು ಯಾರಾದರೂ ಇಲ್ಲಿ ಇದ್ದರೆ ದಯವಿಟ್ಟು ಹೇಳಿ.

ಅಮ್ಮನಿಗೆ 63 ವರ್ಷ. ಅರಸೀಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಕಾಲ್ಬೆರಳ ಹತ್ತಿರ ಸಣ್ಣ ಗಾಯ ಆಗಿತ್ತು. ಅರಿಶಿನ ಹಚ್ಚಿಕೊಂಡು ಸುಮ್ಮನಿದ್ದರು. ಮಾಯಲಿಲ್ಲ. ಜ್ವರ ಬಂದ ಮೇಲೆ ಆಸ್ಪತ್ರೆಗೆ ಸೇರಿಸಿದೆವು. ಸಕ್ಕರೆ 400 ದಾಟಿತ್ತು. ಈಗ ಗಾಯ ಒಣಗುತ್ತಿದೆ, ಸಕ್ಕರೆಯೂ ಇಳಿದಿದೆ. ಇನ್ನು ಮೂರು ನಾಲ್ಕು ದಿನಕ್ಕೆ ಡಿಸ್‌ಚಾರ್ಜ್ ಅಂದಿದ್ದಾರೆ.

ಮನೆಗೆ ಹೋದ ಮೇಲೆ ಇನ್ಸುಲಿನ್ (30/70, ಎರಡು ಬಗೆ ಬೆರೆಸಿದ್ದು) ಬೆಳಿಗ್ಗೆ 16 ಯೂನಿಟ್, ರಾತ್ರಿ 10. ಜೊತೆಗೆ ಮೆಟ್‌ಫಾರ್ಮಿನ್ (ಸಕ್ಕರೆ ಮಾತ್ರೆ) ಎರಡು ಹೊತ್ತು, ಬಿಪಿ ಮಾತ್ರೆ, ಕೊಬ್ಬಿನ ಮಾತ್ರೆ, ಇನ್ನೂ ಐದು ದಿನ ಆಂಟಿಬಯೋಟಿಕ್.

ವಾರ್ಡಿನಲ್ಲಿ ಸಿಸ್ಟರ್ ಬರುತ್ತಾರೆ, ಚುಚ್ಚುತ್ತಾರೆ, ಮಾತ್ರೆ ಕೈಗೆ ಕೊಟ್ಟು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಅಮ್ಮ ಅಷ್ಟು ಹೊತ್ತೂ ಗೋಡೆ ಕಡೆ ಮುಖ ಮಾಡಿಕೊಂಡಿರುತ್ತಾರೆ. "ನನ್ನ ಕೈಲಿ ಆಗಲ್ಲ ಬಿಡು" ಅನ್ನುವುದೇ ಮಾತು. ಓದಿದ್ದು ಮೂರನೇ ಕ್ಲಾಸು. ಕನ್ನಡ ಕೂಡಿಸಿ ಓದುತ್ತಾರೆ, ಅಂಕಿ ಚೆನ್ನಾಗಿ ಗೊತ್ತು, ಇಂಗ್ಲಿಷ್ ಬರುವುದಿಲ್ಲ. ಈಗ ಕಣ್ಣು ಬೇರೆ ಮಂಜು ಅನ್ನುತ್ತಾರೆ. ನಮ್ಮ ಭಾವ, ಊರಲ್ಲಿ ಕ್ಲಿನಿಕ್ಕಿಗೆ ಹೋಗುವ ಹುಡುಗ ಇದ್ದಾನೆ, ದಿನಾ ಬಂದು ಚುಚ್ಚಿ ಹೋಗಲಿ ಅನ್ನುತ್ತಾರೆ. ನಾನು ಬೆಂಗಳೂರಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿದ್ದೇನೆ, ಜಾಸ್ತಿ ರಜೆ ಸಿಗುವುದಿಲ್ಲ.

ಸಿಸ್ಟರ್‌ಗಳಿಗೆ ಮೊದಲೇ ಕೈ ತುಂಬ ಕೆಲಸ. ಅವರನ್ನು ನಿಲ್ಲಿಸಿ ಕಲಿಸಿಕೊಡಿ ಅಂತ ಕೇಳಬಹುದಾ? ಏನೇನು ಕೇಳಬೇಕು?

ವಾರ್ಡ್‌ಸಿಸ್ಟರ್_ಶಿವಮೊಗ್ಗ

ನಾನು ಹೆಂಗಸರ ಮೆಡಿಸಿನ್ ವಾರ್ಡಿನಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಕೇಳಬಹುದಾ ಅಂತ ಯೋಚನೆ ಮಾಡಲೇಬೇಡಿ. ಕೇಳಲೇಬೇಕು. ಹೇಳಿಕೊಡುವುದು ನಮ್ಮ ಕೆಲಸದಲ್ಲೇ ಸೇರಿದೆ, ಯಾರಿಗೂ ಮಾಡುವ ಉಪಕಾರ ಅಲ್ಲ. ಹೊತ್ತು ನೋಡಿ ಕೇಳಿ, ಅಷ್ಟೇ. ಬೆಳಿಗ್ಗೆ ಡಾಕ್ಟರ್ ರೌಂಡ್ಸ್ ನಡೆಯುವಾಗ ಬೇಡ. ಪಾಳಿ ಬದಲಾಗುವ ಹೊತ್ತಲ್ಲೂ ಬೇಡ. ಮಧ್ಯಾಹ್ನ ಮೂರರ ಮೇಲೆ ವಾರ್ಡು ಸ್ವಲ್ಪ ತಣ್ಣಗಾಗುತ್ತದೆ. ಆಗ ಹೋಗಿ, "ಸಿಸ್ಟರ್, ಅಮ್ಮ ಮನೇಲಿ ಒಬ್ಬರೇ ಇರೋದು. ಇವತ್ತು ರಾತ್ರಿ ಡೋಸಿಂದ ಅವರ ಕೈಲೇ ಮಾಡಿಸ್ತೀರಾ?" ಅನ್ನಿ. ಇಷ್ಟು ಸ್ಪಷ್ಟವಾಗಿ ಕೇಳಿದರೆ ಇಲ್ಲ ಅನ್ನುವ ಸಿಸ್ಟರ್ ಕಡಿಮೆ.

ಡಿಸ್‌ಚಾರ್ಜ್ ದಿನಕ್ಕೆ ಮಾತ್ರ ಬಿಡಬೇಡಿ. ಅವತ್ತು ಬಿಲ್ಲು, ಕಾರ್ಡು, ಸೀಲು, ಆಟೋ ಅಂತ ಎಲ್ಲರೂ ಒಂದು ಕಾಲು ಹೊರಗಿಟ್ಟುಕೊಂಡೇ ನಿಂತಿರುತ್ತಾರೆ. ಅವತ್ತು ಹೇಳಿಕೊಟ್ಟದ್ದು ಆಸ್ಪತ್ರೆ ಗೇಟಿನ ತನಕವೂ ಉಳಿಯುವುದಿಲ್ಲ. ನಿಮಗೆ ಇನ್ನೂ ಮೂರು ನಾಲ್ಕು ದಿನ ಇದೆ, ದಿನಕ್ಕೆ ಎರಡು ಡೋಸ್. ಒಂದೊಂದು ಡೋಸೂ ಒಂದೊಂದು ಪಾಠ ಆಗಬೇಕು. ಮೊದಲ ಸಲ ಅಮ್ಮ ಬರೀ ನೋಡಲಿ, ಆದರೆ ಗೋಡೆ ನೋಡುವುದು ಬೇಡ. ಮುಂದಿನ ಸಲ ಬಾಟಲಿ ಉರುಳಿಸುವುದು, ಸಿರಿಂಜಿಗೆ ಔಷಧಿ ಎಳೆಯುವುದು ಅವರದು, ಚುಚ್ಚುವುದು ಸಿಸ್ಟರದು. ಅದರ ಮುಂದಿನ ಸಲ ಎಲ್ಲವೂ ಅವರದೇ, ಸಿಸ್ಟರ್ ಪಕ್ಕದಲ್ಲಿ ನಿಂತು ನೋಡಲಿ.

ಹೋದ ಮಳೆಗಾಲದಲ್ಲಿ ಶಿಕಾರಿಪುರ ಕಡೆಯ ಅಜ್ಜಿಯೊಬ್ಬರು ಇದ್ದರು. ಅಡಿಕೆ ಸುಲಿದು ಸುಲಿದು ಹೆಬ್ಬೆರಳು ಒರಟಾಗಿತ್ತು, ಸಿರಿಂಜಿನ ಪ್ಲಂಜರ್ ನಿಲ್ಲದೆ ಜಾರುತ್ತಿತ್ತು. ನಾನು ಸಲೈನ್ ನೀರಿನ ಸಣ್ಣ ಬಾಟಲಿ ಕೊಟ್ಟು, ಇದರಲ್ಲಿ ಎಷ್ಟು ಬೇಕಾದರೂ ಎಳೆದು ಬಿಡಿ, ನಷ್ಟ ಏನಿಲ್ಲ ಅಂದೆ. ಯಾರೋ ನೋಡಲು ಬಂದವರು ತಂದಿದ್ದ ಮೂಸಂಬಿಗೆ ಚುಚ್ಚಿಸಿದೆ. ಸಂಜೆ ನೋಡಿದರೆ ಅಜ್ಜಿ ಕಿಟಕಿ ಪಕ್ಕ ಕೂತು, ಸಿರಿಂಜನ್ನು ಬೆಳಕಿಗೆ ಹಿಡಿದು, ಉಗುರಿಂದ ಟಕ್ ಟಕ್ ಅಂತ ತಟ್ಟುತ್ತಿದ್ದಾರೆ. "ಗುಳ್ಳೆ ಐತಲ್ಲ ಸಿಸ್ಟರಮ್ಮ, ಇದು ಹೋಗ್ಬೇಕಲ್ಲ?" ಅಂದರು. ಗುಳ್ಳೆ ಇದ್ದ ಜಾಗದಲ್ಲಿ ಔಷಧಿ ಇರುವುದಿಲ್ಲ ಅನ್ನುವುದು ಅವರಿಗೆ ಅರ್ಥ ಆಗಿತ್ತು. ಇವರು ಮನೆಯಲ್ಲಿ ಮಾಡಿಕೊಳ್ಳುತ್ತಾರೆ ಅಂತ ನನಗೆ ಧೈರ್ಯ ಬಂದದ್ದು ಆಗ. ಅವರು ಓದಿದ್ದು ನಿಮ್ಮ ಅಮ್ಮನಿಗಿಂತ ಕಡಿಮೆ.

ಹೇಳಿಕೊಟ್ಟ ಮೇಲೆ "ಗೊತ್ತಾಯ್ತಾ?" ಅಂತ ನೀವೂ ಕೇಳಬೇಡಿ, ಸಿಸ್ಟರ್ ಕೇಳಿದರೆ ಅಷ್ಟಕ್ಕೆ ಒಪ್ಪಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. "ಅಮ್ಮಾ, ನಾಳೆ ಮನೇಲಿ ಎದ್ದ ಮೇಲೆ ಮೊದಲು ಏನು ಮಾಡ್ತೀರಿ, ತೋರಿಸಿ" ಅನ್ನಬೇಕು. ಎಲ್ಲಿ ತಡವರಿಸುತ್ತಾರೋ ಅಲ್ಲಿ ಮತ್ತೆ ಹೇಳಿಕೊಡಬೇಕು. ಕೆಲವರು ಎಲ್ಲ ಸರಿಯಾಗಿ ಹೇಳುತ್ತಾರೆ, ಕೈಗೆ ಕೊಟ್ಟರೆ ಬಾಟಲಿ ನೆಟ್ಟಗೆ ಹಿಡಿದು ಗಾಳಿ ಎಳೆಯುತ್ತಾರೆ. ಅದಕ್ಕೇ ತೋರಿಸಿ ಅನ್ನುವುದು.

30/70 ಇನ್ಸುಲಿನ್ ಬಗ್ಗೆ ಅವರ ಕೈ ಕಲಿಯಬೇಕಾದ್ದು ಇಷ್ಟು. ಅದು ಹಾಲಿನ ಬಣ್ಣದ್ದು, ತಳದಲ್ಲಿ ಕೂರುತ್ತದೆ. ಎರಡು ಅಂಗೈ ನಡುವೆ ಹತ್ತು ಸಲ ಮೆಲ್ಲಗೆ ಉರುಳಿಸಬೇಕು. ಜೋರಾಗಿ ಕುಲುಕಬಾರದು. ಊಟಕ್ಕೆ ಅರ್ಧ ಗಂಟೆ ಮೊದಲು ತಗೊಳ್ಳಬೇಕು. ಎಷ್ಟು ಯೂನಿಟ್ ಬೇಕೋ ಅಷ್ಟೇ ಗಾಳಿ ಮೊದಲು ಬಾಟಲಿಗೆ ಬಿಟ್ಟು, ಬಾಟಲಿ ತಲೆಕೆಳಗೆ ಮಾಡಿ ಎಳೆಯಬೇಕು. ಹೊಕ್ಕುಳಿಂದ ಎರಡು ಬೆರಳು ದೂರ ಬಿಟ್ಟು ಹೊಟ್ಟೆಯ ಚರ್ಮ ಹಿಡಿದು ಚುಚ್ಚಬೇಕು. ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಬೇಕು, ಆ ಜಾಗ ಉಜ್ಜಬಾರದು. ದಿನಾ ಜಾಗ ಸ್ವಲ್ಪ ಸರಿಸಬೇಕು. ನೋವಾಗುವುದಿಲ್ಲ ಅಂತ ಒಂದೇ ಕಡೆ ಚುಚ್ಚುತ್ತಾ ಹೋದರೆ ಅಲ್ಲಿ ಗಂಟು ಕಟ್ಟುತ್ತದೆ. ಗಂಟಿನ ಮೇಲೆ ಚುಚ್ಚಿದ ಇನ್ಸುಲಿನ್ ಒಂದು ದಿನ ಹಿಡಿಯುತ್ತದೆ, ಒಂದು ದಿನ ಹಿಡಿಯುವುದಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಬಾಟಲಿ ಮತ್ತು ಸಿರಿಂಜ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಒಂದು ಎಂಎಲ್‌ಗೆ 100 ಯೂನಿಟ್ ಇರುವುದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು. ಎರಡರ ಮೇಲೂ ಸಂಖ್ಯೆ ಬರೆದಿರುತ್ತದೆ. ಅದು ಹೊಂದಲೇಬೇಕು. ಅಮ್ಮನಿಗೆ ಅಂಕಿ ಗೊತ್ತು ಅಂದಿರಲ್ಲ, ಇದನ್ನು ಅವರಿಗೇ ಕಲಿಸಿ.

ಕಣ್ಣು ಮಂಜಾಗಿರುವುದು ಸಕ್ಕರೆ ಏರಿ ಇಳಿದದ್ದರಿಂದಲೂ ಇರಬಹುದು. ಕೆಲವು ವಾರದಲ್ಲಿ ತಿಳಿಯಾಗುತ್ತದೆ. ಈಗಲೇ ಹೊಸ ಕನ್ನಡಕ ಮಾಡಿಸಬೇಡಿ, ಸಕ್ಕರೆ ಒಂದು ಹದಕ್ಕೆ ಬರಲಿ. ಆದರೆ ಕಣ್ಣಿನ ಒಳಗಿನ ಪರದೆಯ (ರೆಟಿನಾ) ಪರೀಕ್ಷೆ ಮಾಡಿಸಿ. ಸಿರಿಂಜಿನ ಗೆರೆ ಕಾಣುತ್ತದಾ ಅಂತ ಸಿಸ್ಟರ್ ಮುಂದೆಯೇ ನೋಡಿಸಿ. ಕಾಣದಿದ್ದರೆ ಡಾಕ್ಟರಿಗೆ ಹೇಳಿ. ಪೆನ್ ಇನ್ಸುಲಿನ್‌ನಲ್ಲಿ ಅಂಕಿ ತಿರುಗಿಸಿ ಇಡಬಹುದು, ಕೆಲವರಿಗೆ ಅದು ಸುಲಭ. ಖರ್ಚು ಜಾಸ್ತಿ. ಡಾಕ್ಟರ್ ಬರೆಯದೆ ನೀವಾಗಿ ಬದಲಾಯಿಸಬೇಡಿ.

ಕ್ಲಿನಿಕ್ ಹುಡುಗನ ವಿಷಯ. ಕಷ್ಟಕ್ಕೆ ಇರಲಿ, ದಿನಾ ಬೇಡ. ಅವನು ಒಂದು ದಿನ ಬರುವುದು ತಡವಾದರೆ ಅಮ್ಮ ಊಟ ಮಾಡದೆ ಕಾಯುತ್ತಾರೆ. ಇಲ್ಲಾ ಊಟ ಮಾಡಿ ಮಲಗಿದ ಮೇಲೆ ಅವನು ಬಂದು ಚುಚ್ಚುತ್ತಾನೆ. ಎರಡೂ ಕೆಟ್ಟದ್ದು.

ಕವಾಟದ_ಮನುಷ್ಯ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಪೇಷೆಂಟ್ ಕಡೆಯಿಂದ ಹೇಳುತ್ತೇನೆ. ನನಗೆ ಹೃದಯದ ಕವಾಟ ಬದಲಾಯಿಸಿದ್ದಾರೆ. ರಕ್ತ ಹೆಪ್ಪುಗಟ್ಟದ ಹಾಗೆ ಆಸಿಟ್ರಾಮ್ ಮಾತ್ರೆ, ಬದುಕಿರುವ ತನಕ. ಒಂದು ದಿನ 2 ಮಿಲಿಗ್ರಾಂ, ಮರುದಿನ 3. ಐಎನ್‌ಆರ್ (ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಅನ್ನುವ ಪರೀಕ್ಷೆ) ರಿಪೋರ್ಟ್ ನೋಡಿ ಅದೂ ಬದಲಾಗುತ್ತದೆ.

ವಾರ್ಡಿನಲ್ಲಿದ್ದ ಬ್ರದರ್ (ಗಂಡಸು ನರ್ಸ್) ಒಬ್ಬರು ಒಂದು ನೋಟ್‌ಬುಕ್ ತರಿಸಿದರು. ತಾರೀಖು, ಎಷ್ಟು ಮಿಲಿಗ್ರಾಂ, ತಗೊಂಡ ಮೇಲೆ ಗುರುತು. ಬರೆಯುವುದು ನಾನೇ, ಅವರು ಬರೀ ನೋಡುತ್ತಿದ್ದರು. ಒಂದು ಸಂಜೆ ಬೇಕೆಂದೇ ಮಾತ್ರೆ ಕೊಡಲು ಬರಲಿಲ್ಲ. ನಾನೇ ಕರೆದು "ಬ್ರದರ್, ಇವತ್ತು 3ರ ದಿನ" ಅಂದೆ. "ಇದಕ್ಕೇ ಕಾಯ್ತಾ ಇದ್ದೆ" ಅಂದರು. ಮರೆತರೆ ಮರುದಿನ ಎರಡು ದಿನದ್ದು ಸೇರಿಸಿ ನುಂಗಬಾರದು, ಸೊಪ್ಪು ಬಿಡುವುದು ಬೇಡ ಆದರೆ ವಾರವಾರವೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು, ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತರಬಾರದು, ಹಲ್ಲು ಕೀಳಿಸುವ ಮೊದಲು ಹೇಳಬೇಕು. ಇದೆಲ್ಲ ಅವರೇ ಹೇಳಿಕೊಟ್ಟಿದ್ದು. ಆ ನೋಟ್‌ಬುಕ್ ಇಲ್ಲದೆ ನಾನು ಈಗಲೂ ಚೆಕಪ್ಪಿಗೆ ಹೋಗುವುದಿಲ್ಲ. ನಿಮ್ಮ ಅಮ್ಮನಿಗೂ ಒಂದು ಕೊಡಿಸಿ. ಮೂರನೇ ಕ್ಲಾಸು ಧಾರಾಳ ಸಾಕು.

ಬರ್ಮಿಂಗ್‌ಹ್ಯಾಮ್_ಕನ್ನಡತಿ

ನಾನು ಮಂಗಳೂರಲ್ಲಿ ನರ್ಸಿಂಗ್ ಓದಿ ಈಗ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಇದ್ದೇನೆ. ಇಲ್ಲಿನ ಅನೇಕ ಆಸ್ಪತ್ರೆಗಳಲ್ಲಿ ಇದಕ್ಕೆ ಒಂದು ಕ್ರಮವೇ ಇದೆ. ಹಾಸಿಗೆ ಪಕ್ಕ ಬೀಗ ಇರುವ ಸಣ್ಣ ಕಪಾಟು, ಅದರಲ್ಲಿ ಪೇಷೆಂಟಿನ ಸ್ವಂತ ಔಷಧಿ. ಮನೆಯಿಂದ ಬರುವಾಗಲೇ ತಾವು ತಗೊಳ್ಳುವ ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ತರಬೇಕು ಅಂತ ಹೇಳುತ್ತೇವೆ.

ನರ್ಸ್ ಮೊದಲು ಕೂತು ಮಾತಾಡಿಸುತ್ತಾರೆ. ಯಾವ ಮಾತ್ರೆ ಯಾವುದಕ್ಕೆ ಅಂತ ಗೊತ್ತಾ? ಡಬ್ಬಿ ಮುಚ್ಚಳ ತೆಗೆಯಲು ಬರುತ್ತದಾ? ಚೀಟಿ ಓದಲು ಬರುತ್ತದಾ? ತಾನೇ ತಗೊಳ್ಳಲು ಇಷ್ಟ ಇದೆಯಾ? ಅದನ್ನು ನೋಡಿ ಮೂರು ಹಂತದಲ್ಲಿ ಒಂದಕ್ಕೆ ಹಾಕುತ್ತೇವೆ. ಒಂದನೇ ಹಂತದಲ್ಲಿ ನಾವೇ ಕೊಡುತ್ತಾ ವಿವರಿಸುತ್ತೇವೆ. ಎರಡನೆಯದರಲ್ಲಿ ಅವರು ತೆಗೆದುಕೊಳ್ಳುತ್ತಾರೆ, ನಾವು ನೋಡುತ್ತೇವೆ. ಮೂರನೆಯದರಲ್ಲಿ ಕೀಲಿ ಅವರ ಹತ್ತಿರ. ಆಪರೇಷನ್ ಆಗಿ ಮಂಪರಿದ್ದರೆ, ಗೊಂದಲ ಶುರುವಾದರೆ ಮತ್ತೆ ಹಿಂದಿನ ಹಂತಕ್ಕೆ ತರುತ್ತೇವೆ. ಪಾರ್ಕಿನ್ಸನ್ (ಕೈಕಾಲು ನಡುಗುವ, ಬಿಗಿಯುವ ನರದ ಕಾಯಿಲೆ) ಇರುವವರಿಗೆ ಇದು ತುಂಬ ಮುಖ್ಯ. ಅವರ ಮಾತ್ರೆ ಸ್ವಲ್ಪ ತಡವಾದರೂ ಕೈಕಾಲು ಹಿಡಿದುಕೊಳ್ಳುತ್ತದೆ, ವಾರ್ಡಿನ ಮಾತ್ರೆ ರೌಂಡಿಗೆ ಕಾಯುವ ಹಾಗಿಲ್ಲ. ಇಲ್ಲಿನ ಪಾರ್ಕಿನ್ಸನ್ ಸಂಸ್ಥೆ 2006ರಿಂದ ಇದೇ ವಿಷಯಕ್ಕೆ ಅಭಿಯಾನ ನಡೆಸುತ್ತಿದೆ.

ಅರಸೀಕೆರೆಯವರೇ, ಬೀಗದ ಕಪಾಟು ಇಲ್ಲದಿದ್ದರೂ ನಡೆಯುತ್ತದೆ. ನೋಡುವುದು, ಸಿಸ್ಟರ್ ಮುಂದೆ ಮಾಡುವುದು, ತಾನೇ ಮಾಡುವುದು, ಈ ಮೂರು ಮೆಟ್ಟಿಲು ಯಾವ ವಾರ್ಡಿನಲ್ಲಾದರೂ ಆಗುತ್ತದೆ. ಶಿವಮೊಗ್ಗದ ಅಕ್ಕ ಹೇಳಿದ್ದೂ ಅದನ್ನೇ ಅಲ್ವಾ.

ಅರಸೀಕೆರೆ_ಮಗಳು

ಎಲ್ಲರಿಗೂ ತುಂಬ ಥ್ಯಾಂಕ್ಸ್. ವಾರ್ಡ್‌ಸಿಸ್ಟರ್ ಅಕ್ಕ, ನೀವು ಹೇಳಿದ ತಕ್ಷಣ ಚೀಲ ತೆಗೆದು ನೋಡಿದೆ. ಮನೆಗೆ ಅಂತ ಹೊರಗಿನ ಒಂದು ಮೆಡಿಕಲ್ ಶಾಪಿನಲ್ಲಿ ಭಾವ ಮೊದಲೇ ತಂದಿಟ್ಟಿದ್ದರು. ಬಾಟಲಿ ಮೇಲೆ 40 ಅಂತ ಇದೆ. ಸಿರಿಂಜೆಲ್ಲ ಕಿತ್ತಳೆ ಮುಚ್ಚಳದವು! ವಾರ್ಡಿನ ಸಿಸ್ಟರಿಗೆ ತೋರಿಸಿದೆ. ಅವರು ಎಲ್ಲ ವಾಪಸ್ ಕೊಟ್ಟು ಕೆಂಪಿನದು ತರಿಸಿದರು. ಆಮೇಲೆ ಅಮ್ಮನ ಕೈಗೆ ಎರಡನ್ನೂ ಕೊಟ್ಟು ವ್ಯತ್ಯಾಸ ತೋರಿಸಿದರು.

ನಿನ್ನೆ ರಾತ್ರಿ ಅಮ್ಮನೇ ಎಳೆದರು. ಚುಚ್ಚುವುದು ಇನ್ನೂ ಇಲ್ಲ. ನಾಳೆ ಮಾಡಿಸುತ್ತೇನೆ ಅಂದಿದ್ದಾರೆ ಸಿಸ್ಟರ್.

ಇನ್ನು ಮೂರು ಪ್ರಶ್ನೆ. ಮನೆಯಲ್ಲಿ ಫ್ರಿಜ್ ಇಲ್ಲ, ಏನು ಮಾಡುವುದು? ಅಮ್ಮ ಪ್ರತಿ ಹುಣ್ಣಿಮೆಗೆ ಜೇನುಕಲ್ಲು ಬೆಟ್ಟಕ್ಕೆ ಹೋಗುತ್ತಾರೆ, ಅವತ್ತು ಒಪ್ಪತ್ತು. ಅದನ್ನು ಬಿಡಿ ಅಂದರೆ ಕೇಳುವುದಿಲ್ಲ. ಮತ್ತೆ ಮಾತ್ರೆಗಳನ್ನು ಗುರುತು ಹಿಡಿಯುವುದು ಹೇಗೆ?

ವಾರ್ಡ್‌ಸಿಸ್ಟರ್_ಶಿವಮೊಗ್ಗ

ನೋಡಿದ್ದು ಬಹಳ ಒಳ್ಳೆಯದಾಯಿತಮ್ಮ. ಆ ಕಿತ್ತಳೆ ಸಿರಿಂಜಲ್ಲಿ 16ರ ಗೆರೆ ತನಕ ಎಳೆದಿದ್ದರೆ ಅಮ್ಮನ ಮೈಗೆ ಆರೂವರೆ ಯೂನಿಟ್ ಕೂಡ ಹೋಗುತ್ತಿರಲಿಲ್ಲ. ದಿನಾ ತಪ್ಪದೆ ಚುಚ್ಚಿಕೊಂಡರೂ ಸಕ್ಕರೆ ಏರುತ್ತಿತ್ತು, ಗಾಯ ಮತ್ತೆ ಕೆಡುತ್ತಿತ್ತು. ತಿರುಗಾಮುರುಗಾ ಆದರೆ, ಅಂದರೆ 100ರ ಔಷಧಿ 40ರ ಸಿರಿಂಜಿಗೆ ಬಂದರೆ, ಎರಡೂವರೆ ಪಟ್ಟು ಹೋಗುತ್ತದೆ. ಅದು ಪ್ರಾಣಕ್ಕೇ ಬರುತ್ತದೆ. ಪ್ರತಿ ಸಲ ಅಂಗಡಿಯಿಂದ ತಂದಾಗ ಎರಡು ಅಂಕಿ ಹೊಂದಿಸಿ ನೋಡುವ ಕೆಲಸ ಅಮ್ಮನಿಗೇ ವಹಿಸಿ.

ಫ್ರಿಜ್ ಇಲ್ಲದಿದ್ದರೂ ಹೆದರಬೇಡಿ. ಬಾಟಲಿಯನ್ನು ನೀರು ಹೋಗದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗಂಟು ಹಾಕಿ, ಸಣ್ಣ ಮಣ್ಣಿನ ಕುಡಿಕೆಯಲ್ಲಿಡಿ. ಆ ಕುಡಿಕೆಯನ್ನು ನೀರಿರುವ ದೊಡ್ಡ ಮಡಕೆಯೊಳಗೆ ನಿಲ್ಲಿಸಿ ನೆರಳಲ್ಲಿಡಿ. ಒಲೆ ಹತ್ತಿರ ಬೇಡ, ಹಂಚಿನ ಕೆಳಗಿನ ಅಟ್ಟವೂ ಬೇಡ. ತೆರೆದ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರದ ಮೇಲೆ ಬಳಸುವ ಹಾಗಿಲ್ಲ. 10 ಎಂಎಲ್ ಬಾಟಲಿಯಲ್ಲಿ 400 ಯೂನಿಟ್ ಇರುತ್ತದೆ, ಅಮ್ಮನಿಗೆ ದಿನಕ್ಕೆ 26. ಹದಿನೈದು ದಿನಕ್ಕೆ ಮುಗಿಯುತ್ತದೆ. ಮುಗಿಯುವ ತನಕ ಕಾಯದೆ ಇನ್ನೊಂದು ತರಿಸಿಡಿ. ತೆರೆಯದ ಬಾಟಲಿಯನ್ನು ಫ್ರಿಜ್ ಇರುವ ಪಕ್ಕದ ಮನೆಯಲ್ಲಿ ಬಾಗಿಲಿನ ತಟ್ಟೆಯಲ್ಲಿ ಇಡಿಸಿ. ಐಸ್ ಆಗುವ ಖಾನೆಯಲ್ಲಿ ಇಟ್ಟರೆ ಆ ಬಾಟಲಿ ಎಸೆಯಬೇಕು.

ಹುಣ್ಣಿಮೆ ಬಗ್ಗೆ ಡಾಕ್ಟರಿಗೆ ಈಗಲೇ ಹೇಳಿ. ಇದನ್ನು ನಾವು ಕೇಳದಿದ್ದರೆ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ನಮ್ಮ ವಾರ್ಡಿನಲ್ಲಿ ಎಲ್ಲರಿಗೂ ಉಪವಾಸ, ಒಪ್ಪತ್ತು, ರಂಜಾನ್ ಅಂತ ಬಿಡಿಸಿ ಕೇಳುತ್ತೇನೆ. ದೇವರನ್ನು ಬಿಡಿ ಅಂತ ಹೇಳುವವಳಲ್ಲ ನಾನು. ಆದರೆ ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಒಪ್ಪತ್ತಿನ ದಿನಕ್ಕೆ ಎಷ್ಟು ತಗೊಳ್ಳಬೇಕು ಅಂತ ಡಾಕ್ಟರ್ ಹತ್ತಿರ ಬೇರೆಯೇ ಬರೆಸಿಕೊಳ್ಳಿ. ಆ ಕಾಲಿಟ್ಟುಕೊಂಡು ಬೆಟ್ಟದ ಮೆಟ್ಟಿಲು ಮಾತ್ರ ಈಗ ಬೇಡವೇ ಬೇಡ. ಗಾಯ ಪೂರ್ತಿ ಮಾಯುವ ತನಕ ಮನೆಯಿಂದಲೇ ಕೈ ಮುಗಿಯಲಿ.

ಸಕ್ಕರೆ ಕುಸಿದರೆ ಹೇಗಿರುತ್ತದೆ ಅಂತ ಅಮ್ಮನ ಬಾಯಲ್ಲೇ ಹೇಳಿಸಿ. ಕೈ ನಡುಗುವುದು, ತಣ್ಣನೆ ಬೆವರು, ಎದೆ ಹೊಡೆದುಕೊಳ್ಳುವುದು, ವಿಪರೀತ ಹಸಿವು, ತಲೆ ಮಂಕು. ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು. ಕಾಲು ಗಂಟೆಗೆ ಸರಿಹೋಗದಿದ್ದರೆ ಮತ್ತೆ ಅಷ್ಟೇ. ಸರಿಹೋದ ಮೇಲೆ ಊಟ. "ನನಗೆ ಸಕ್ಕರೆ ಕಾಯಿಲೆ, ಸಕ್ಕರೆ ಮುಟ್ಟಲ್ಲ" ಅಂತ ಹಟ ಮಾಡಿ ಬಿದ್ದವರನ್ನು ನೋಡಿದ್ದೇನೆ. ಹಾಸಿಗೆ ಪಕ್ಕ ಒಂದು ಸಣ್ಣ ಡಬ್ಬಿ ಸಕ್ಕರೆ ಇರಲಿ. ಪಕ್ಕದ ಮನೆಯವರಿಗೂ ತಿಳಿಸಿ, ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು.

ಮಾತ್ರೆಗಳನ್ನು ಬಣ್ಣದಿಂದ ಗುರುತು ಇಟ್ಟುಕೊಳ್ಳುವುದು ಬೇಡ. ಮುಂದಿನ ತಿಂಗಳು ಸರ್ಕಾರಿ ಆಸ್ಪತ್ರೆಯಲ್ಲೋ ಜನೌಷಧಿಯಲ್ಲೋ ಬೇರೆ ಕಂಪನಿಯದು ಕೊಟ್ಟರೆ ಬಣ್ಣ, ಗಾತ್ರ ಎಲ್ಲ ಬದಲು. ಆಗ ಹಳೆಯದೂ ಹೊಸದೂ ಎರಡೂ ನುಂಗುತ್ತಾರೆ, ಒಂದೇ ಔಷಧಿ ಎರಡು ಪಾಲು ಒಳಗೆ ಹೋಗುತ್ತದೆ. ಪ್ರತಿ ಶೀಟನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ, ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ: "ಬಿಪಿ, ಬೆಳಿಗ್ಗೆ 1". "ಸಕ್ಕರೆ ಮಾತ್ರೆ, ತಿಂಡಿ ಆದ ಮೇಲೆ 1, ರಾತ್ರಿ ಊಟ ಆದ ಮೇಲೆ 1". ಅಮ್ಮ ಕೂಡಿಸಿ ಓದುತ್ತಾರಲ್ಲ, ಸಾಕು. ಶೀಟು ಕತ್ತರಿಸುವಾಗ ಹೆಸರು, ತಾರೀಖು ಇರುವ ತುದಿ ಕೊನೆಯ ತನಕ ಉಳಿಯಲಿ.

ಇನ್ನೊಂದು, ಇದನ್ನು ಮರೆಯಬೇಡಿ. ಮನೆಯಲ್ಲಿ ಮೊದಲಿನ ಮಾತ್ರೆಗಳು ಇದ್ದೇ ಇರುತ್ತವೆ, ದೇವರ ಮನೆ ಗೂಡಲ್ಲೋ ಟಿವಿ ಮೇಲೋ. ಎಲ್ಲ ತರಿಸಿ ಸಿಸ್ಟರಿಗೆ, ಡಾಕ್ಟರಿಗೆ ತೋರಿಸಿ. ಹಳೆಯ ಸಕ್ಕರೆ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇದ್ದರೆ, ಅದೂ ಇನ್ಸುಲಿನ್ನೂ ಎರಡೂ ಸೇರಿ ರಾತ್ರಿ ಸಕ್ಕರೆ ಕುಸಿಯುತ್ತದೆ. ಎಷ್ಟೋ ಶೀಟುಗಳಲ್ಲಿ ಅದರ ಜೊತೆ ಮೆಟ್‌ಫಾರ್ಮಿನ್ ಕೂಡ ಸೇರಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ಹಾನಿ ತಪ್ಪಿಸಲು ಅಭಿಯಾನ ಶುರು ಮಾಡಿತು. ಪೇಷೆಂಟ್ ಪ್ರಶ್ನೆ ಕೇಳಬೇಕಾದ ಐದು ಸಂದರ್ಭ ಅಂತ ಅದರಲ್ಲಿ ಹೇಳುತ್ತಾರೆ: ಔಷಧಿ ಶುರು ಮಾಡುವಾಗ, ತಗೊಳ್ಳುವಾಗ, ಹೊಸದು ಸೇರಿಸುವಾಗ, ಎಲ್ಲವನ್ನೂ ಮತ್ತೊಮ್ಮೆ ಪರಿಶೀಲಿಸುವಾಗ, ನಿಲ್ಲಿಸುವಾಗ. ನನ್ನ ಅನುಭವದಲ್ಲಿ ಯಾರೂ ಕೇಳದೆ ಬಿಡುವುದು ಆ ಕೊನೆಯದನ್ನೇ. "ಯಾವುದು ನಿಲ್ಲಿಸಿದ್ದೀರಿ?" ಅಂತ ಕೇಳಿ, ಡಿಸ್‌ಚಾರ್ಜ್ ಕಾರ್ಡಿನ ಮೇಲೆ ಬರೆಸಿಕೊಳ್ಳಿ.

ನಾಳೆ ಅಮ್ಮ ಚುಚ್ಚಿಕೊಳ್ಳುವಾಗ ನೀವು ಹತ್ತಿರ ಇರಬೇಡಿ ಅನ್ನುವುದು ನನ್ನ ಸಲಹೆ. ಮಗಳಿದ್ದರೆ "ನೀನೇ ಮಾಡು" ಅಂತ ಕೈ ಚೆಲ್ಲುತ್ತಾರೆ. ಕಾಫಿಗೆ ಹೋಗಿ ಬನ್ನಿ.

ಅರಸೀಕೆರೆ_ಮಗಳು

ಅಕ್ಕ, ಮಾಡಿಕೊಂಡರು! ನಾನು ಕ್ಯಾಂಟೀನಿನಲ್ಲಿದ್ದೆ. ವಾಪಸ್ ಬಂದರೆ ಪಕ್ಕದ ಹಾಸಿಗೆಯವರಿಗೆ ಆಗಲೇ "ಇರುವೆ ಕಚ್ಚಿದ ಹಾಗೂ ಆಗಲ್ಲ ಕಣವ್ವ" ಅಂತ ಹೇಳುತ್ತಿದ್ದಾರೆ. ಹಳೆ ಮಾತ್ರೆ ಭಾವನ ಕೈಲಿ ತರಿಸಿದೆ, ಗ್ಲಿಮೆಪಿರೈಡ್ ಇತ್ತು, ನಿಲ್ಲಿಸಿ ಅಂತ ಡಾಕ್ಟರ್ ಕಾರ್ಡಿನಲ್ಲಿ ಬರೆದರು. ನಾಡಿದ್ದು ಮನೆಗೆ. ಅಲ್ಲಿ ಡೌಟ್ ಬಂದರೆ ಯಾರನ್ನು ಕೇಳುವುದು? ಬಳಸಿದ ಸೂಜಿ ಏನು ಮಾಡುವುದು?

ವಾರ್ಡ್‌ಸಿಸ್ಟರ್_ಶಿವಮೊಗ್ಗ

ಕೇಳಿ ತುಂಬ ಖುಷಿಯಾಯಿತು. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಊರ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ, ಬಹಳಷ್ಟು ಮಂದಿ ನರ್ಸಿಂಗ್ ಓದಿದವರೇ. ಆಶಾ ಕಾರ್ಯಕರ್ತೆಗೆ ಹೇಳಿದರೆ ಪರಿಚಯ ಮಾಡಿಸುತ್ತಾರೆ. ಮನೆಗೆ ಹೋದ ವಾರವೇ ಅಮ್ಮನನ್ನು ಕರೆದುಕೊಂಡು ಹೋಗಿ, ಡಿಸ್‌ಚಾರ್ಜ್ ಕಾರ್ಡ್ ತೋರಿಸಿ, ಅವರ ಮುಂದೆ ಒಂದು ಡೋಸ್ ಅಮ್ಮನೇ ತಗೊಳ್ಳಲಿ. ಸಕ್ಕರೆ, ಬಿಪಿ ಅಲ್ಲೇ ನೋಡುತ್ತಾರೆ. ವಾಂತಿ ಭೇದಿ ಆಗಿ ಊಟ ಸೇರದಿದ್ದರೆ, ಗಾಯ ಕೆಂಪಾಗಿ ಕೀವು ಬಂದರೆ ಮಾತ್ರ ನೇರ ಆಸ್ಪತ್ರೆಗೇ ಹೋಗಿ.

ಒಂದು ಸಿರಿಂಜ್ ಒಂದೇ ಸಲಕ್ಕೆ. ಬಳಸಿದ್ದನ್ನು ಕಸದ ಜೊತೆ, ತಿಪ್ಪೆಗೆ ಹಾಕಬೇಡಿ, ಮಕ್ಕಳ ಕಾಲಿಗೆ ಚುಚ್ಚುತ್ತದೆ. ಫಿನೈಲ್ ಬಾಟಲಿಯಂಥ ದಪ್ಪ ಪ್ಲಾಸ್ಟಿಕ್ಕಿನ, ತಿರುಪು ಮುಚ್ಚಳದ ಡಬ್ಬಿಗೆ ಹಾಕುತ್ತಾ ಬನ್ನಿ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿ ಮಾಡಿ, ಔಷಧಿ ತರಲು ಹೋಗುವ ದಿನ ಆಸ್ಪತ್ರೆಯಲ್ಲಿ ಕೊಡಿ.